ಎಡಗೈಯವರ ಬದಿ

ರಾತ್ರಿ ಹನ್ನೆರಡು ದಾಟಿತ್ತು. ಕೊನೆಯ ಬಸ್ಸು ಅವನನ್ನು ಇಳಿಸಿ ಹೋದ ಮೇಲೆ ರಸ್ತೆಯಲ್ಲಿ ಉಳಿದದ್ದು ಒಂದೇ ಸದ್ದು. ಹೆಗಲ ಚೀಲದೊಳಗೆ ಸ್ಪಾನರುಗಳು ಒಂದಕ್ಕೊಂದು ತಾಗುವುದು. ಕಿಣ್... ಕಿಣ್... ಕಿಣ್.

ಇದು ನಮ್ಮ ದೊಡ್ಡಮ್ಮನ ಮಗನಿಗೆ ಆದದ್ದು. ಲಿಫ್ಟ್ ರಿಪೇರಿ ಅವನ ಕೆಲಸ, ಹಾಗಾಗಿ ಮನೆಮಂದಿಗೆಲ್ಲ ಅವನು ಲಿಫ್ಟಣ್ಣ. ದಿನವಿಡೀ ಜನರನ್ನು ಹತ್ತಿಸಿ ಇಳಿಸುವ ಮನುಷ್ಯ ತಾನಿದ್ದ ಕಟ್ಟಡದಲ್ಲಿ ಮಾತ್ರ ಮೆಟ್ಟಿಲೇ ಹತ್ತುತ್ತಿದ್ದ. ಯಾಕಪ್ಪಾ ಅಂದರೆ, "ಆ ಲಿಫ್ಟಿನ ಒಳಗನ್ನ ನಾನು ನೋಡಿದ್ದೀನಿ" ಅನ್ನುತ್ತಿದ್ದ. ಅದಕ್ಕಿಂತ ಹೆಚ್ಚು ಬಾಯಿ ಬಿಡುತ್ತಿರಲಿಲ್ಲ.

ಗೇಟಿನ ಒಳಗೆ ಒಂದು ಬಾವಿ. ಕಟ್ಟಡಕ್ಕಿಂತ ಹಳೆಯದು. ಮಕ್ಕಳು ಬೀಳದಿರಲಿ ಅಂತ ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ್ದರು. ಅದರ ಪಕ್ಕ ಕಾವಲುಗಾರ ನಿಂತಿದ್ದ. ಬೇರೆ ದಿನ ಈ ಹೊತ್ತಿಗೆ ಕುರ್ಚಿಯಲ್ಲಿ ಗೊರಕೆ ಹೊಡೆಯುವವನು ಅವತ್ತು ಕತ್ತು ಎತ್ತಿಕೊಂಡು ನಿಂತಿದ್ದ.

"ಸಾರ್..." ಪಿಸುಗುಟ್ಟಿದ. "ಮನೆಗೆ ಯಾರಾದ್ರೂ ಬಂದಿದ್ದಾರಾ?"

"ಇಲ್ವಲ್ಲ. ಯಾಕೆ?"

"ಕೀಲಿ ಬೇರೆ ಯಾರ ಹತ್ರಾನಾದ್ರೂ..."

"ನನ್ನ ಜೇಬಲ್ಲೇ ಇದೆ."

ಕಾವಲುಗಾರ ಗದ್ದದಿಂದಲೇ ಮೇಲಕ್ಕೆ ತೋರಿಸಿದ. ಮೂರನೇ ಮಹಡಿ. ಅವನ ಕಿಟಕಿ. ಗಾಜಿನ ಮೇಲೆ ಕೆಂಪು... ಆಮೇಲೆ ನೀಲಿ... ಮತ್ತೆ ಕೆಂಪು.

"ಟಿವಿ ಆರಿಸೋದು ಮರೆತಿರಬೇಕು," ಅಂದ ಇವನು.

"ಟಿವಿ ಆದ್ರೆ ಮಾತು ಕೇಳಿಸಬೇಕಲ್ಲ ಸಾರ್."

ಇವನು ಮೆಟ್ಟಿಲ ಕಡೆ ನಡೆದ. ಟಿವಿ ಅಲ್ಲ ಅಂತ ಅವನಿಗೂ ಗೊತ್ತಿತ್ತು. ಆ ಕೆಂಪು, ಆ ನೀಲಿ... ಆ ಬಟನ್‌ಗಳನ್ನು ತೂತಿಗೆ ಕೂರಿಸಿದ್ದು ಅವನೇ.

ಮೆಟ್ಟಿಲು ಹತ್ತಿ ಬಾಗಿಲಿಗೆ ಕಿವಿ ಇಟ್ಟ. ಒಳಗೆ... ಟಿಕ್. ಟಿಕ್-ಟಿಕ್. ಟಪ್. ಟಿಕ್ ಅನ್ನುವುದು ವಿಡಿಯೋ ಗೇಮಿನ ಜಾಯ್‌ಸ್ಟಿಕ್ ಬುಡದ ಪುಟ್ಟ ಸ್ವಿಚ್ಚು. ಟಪ್ ಅನ್ನುವುದು ಬಟನ್ನು. ಮೂರು ವಾರದಿಂದ ಅದರ ಜೊತೆಗೇ ಏಗುತ್ತಿದ್ದವನು, ಕಣ್ಣು ಮುಚ್ಚಿ ಹೇಳಬಲ್ಲ.

ಕೀಲಿ ತಿರುಗಿಸಿದ. ಸದ್ದು ನಿಂತಿತು.

ಲೈಟು ಹಾಕಿದ. ಮೇಜಿನ ಮೇಲೆ ಹಲಗೆ, ಹಲಗೆಯ ಮೇಲೆ ಎರಡು ಜಾಯ್‌ಸ್ಟಿಕ್, ಹನ್ನೆರಡು ಬಟನ್. ಒಂದರಲ್ಲೂ ಬೆಳಕಿಲ್ಲ. ಇರುವುದಾದರೂ ಹೇಗೆ? ಬಟನ್‌ಗಳಿಗೆ ಕರೆಂಟು ಕೊಡುವ ಅಡಾಪ್ಟರ್ ತುಂಬಾ ಬಿಸಿಯಾಗುತ್ತೆ ಅಂತ ಮೀಟರ್ ಹಿಡಿದು ನೋಡೋಕೆ ಬೆಳಿಗ್ಗೆಯೇ ಕೆಲಸಕ್ಕೆ ಒಯ್ದಿದ್ದ. ಈಗಲೂ ಅದು ಅವನ ಚೀಲದಲ್ಲೇ ಇತ್ತು.

ಎಲ್ಲ ಸ್ತಬ್ಧ. ಬಲಗಡೆಯ ಜಾಯ್‌ಸ್ಟಿಕ್ ಒಂದನ್ನು ಬಿಟ್ಟು. ಕೈ ಬಿಟ್ಟೊಡನೆ ಸ್ಪ್ರಿಂಗು ನಡುವಿಗೆ ಎಳೆದು ನಡುಗಿಸುತ್ತಲ್ಲ, ಹಾಗೆ... ಡ್ರ್‌ರ್‌ರ್... ನಿಂತಿತು.

ಅವತ್ತು ಲೈಟು ಹಾಕಿಕೊಂಡೇ ಮಲಗಿದ. ಮಲಗಿದ ಅಂದರೆ, ಅಡ್ಡಾದ.

ಈ ಹಲಗೆಯ ಕತೆ ಹೇಳಬೇಕು. ನಾಲ್ಕು ವರ್ಷದ ಹಿಂದೆ ಅವನ ಹೆಂಡತಿ ಎರಡು ಸೂಟ್‌ಕೇಸು ತೆಗೆದುಕೊಂಡು ಹೊರಟುಹೋದಳು. ಜಗಳ ಇಲ್ಲ, ರಂಪ ಇಲ್ಲ. "ಈ ಮನೇಲಿ ನಾನು ಮಾತಾಡಿದ್ರೆ ನನಗೊಬ್ಬಳಿಗೇ ಕೇಳಿಸುತ್ತೆ" ಅಂದಳಂತೆ. ಅವಳು ಹೋದ ಮೇಲೆ ಮನೆಯಲ್ಲಿ ಉಳಿದ ದನಿ ಎರಡೇ: ಫ್ರಿಜ್ಜಿನ ಗುಂಯ್, ನಲ್ಲಿಯ ತೊಟ್. ನಲ್ಲಿ ರಿಪೇರಿ ಮಾಡೋದು ಅವನಿಗೆ ಐದು ನಿಮಿಷದ ಕೆಲಸ. ಮಾಡಲಿಲ್ಲ. ಆಮೇಲೆ ಫ್ರಿಜ್ಜು ಒಂದೇ ಉಳಿಯುತ್ತಲ್ಲ.

ಅವನು ಲಿಫ್ಟು ನೋಡಿಕೊಳ್ಳುತ್ತಿದ್ದ ಒಂದು ಅಂಗಡಿ ಸಂಕೀರ್ಣದಲ್ಲಿ ಗೇಮ್ ಪಾರ್ಲರ್ ಮುಚ್ಚಿತು. ಯಂತ್ರಗಳನ್ನು ಬಿಚ್ಚಿ ಲಿಫ್ಟಿನಲ್ಲೇ ಇಳಿಸುತ್ತಿದ್ದರು. ಇವನು ಎರಡು ಜಾಯ್‌ಸ್ಟಿಕ್ಕು, ಒಂದು ಮುಷ್ಟಿ ಬೆಳಗುವ ಬಟನ್ನು ಕೇಳಿ ತಂದ. ಮನೆಯ ಟಿವಿಗೆ ಸಿಕ್ಕಿಸಿ, ಹಳೇ ಆಟ ಆಡುವ ಹಲಗೆ ಮಾಡಬೇಕು. ಇಬ್ಬರು ಆಡುವಂಥದ್ದು.

"ಇಬ್ಬರಾ?" ಅಂದಳು ಅವನ ಅಕ್ಕ ಫೋನಿನಲ್ಲಿ. "ಇನ್ನೊಬ್ಬರು ಯಾರೋ?"

"ಬಂದವರು."

"ನಿನ್ನ ಮನೆಗೆ ಬರೋನು ಮೀಟರ್ ನೋಡೋನು ಒಬ್ಬನೇ ಕಣೋ. ಅವನೂ ಒಳಗೆ ಬರಲ್ಲ."

ಹಲಗೆಯ ಮೇಲ್ಮೈಗೆ ಕಪ್ಪು ಮೈಕಾ ಅಂಟಿಸಿದ್ದ. ಮೇಲಿನಿಂದ ಕೊರೆದರೆ ಮೈಕಾ ಸಿಡಿಯುತ್ತೆ ಅಂತ ತಳದಿಂದ ಕೊರೆಯೋಕೆ ನಿಂತ. ಎಡಕ್ಕೆ ಜಾಯ್‌ಸ್ಟಿಕ್, ಬಲಕ್ಕೆ ಆರು ಬಟನ್. ಅದರ ಗುರುತಿಗೆ ಒಂದು ಕಾಗದ. ತಳದಿಂದ ಕೊರೆಯುವಾಗ ಆ ಕಾಗದವನ್ನು ಮಗುಚಿ ಅಂಟಿಸಬೇಕು. ಒಂದು ಬದಿಗೆ ಮಗುಚಿಯೇ ಅಂಟಿಸಿ ಕೊರೆದ. ಅಷ್ಟರಲ್ಲಿ ಫೋನು. ಎಲ್ಲೋ ಲಿಫ್ಟಿನಲ್ಲಿ ಯಾರೋ ಸಿಕ್ಕಿಕೊಂಡಿದ್ದರು. ಹೋಗಿ, ಬಿಡಿಸಿ, ಬಂದು ಎರಡನೇ ಬದಿಗೆ ಕಾಗದವನ್ನು ಇದ್ದ ಹಾಗೇ ಅಂಟಿಸಿ ಏಳೂ ತೂತು ಕೊರೆದ. ಹಲಗೆ ಮೇಲೆಬ್ಬಿಸಿ ನೋಡುತ್ತಾನೆ... ಎರಡನೇ ಬದಿ ತಿರುಗುಮುರುಗು. ಜಾಯ್‌ಸ್ಟಿಕ್ ಬಲಕ್ಕೆ, ಬಟನ್ ಎಡಕ್ಕೆ. ಎಡಚರಿಗೆ ಹೇಳಿ ಮಾಡಿಸಿದ ಹಾಗೆ.

ಇಪ್ಪತ್ತೆರಡು ವರ್ಷದಲ್ಲಿ ಲಿಫ್ಟಿನ ಒಂದು ಬಟನ್ನನ್ನೂ ಆಚೀಚೆ ಹಾಕದವನು. ಹಣೆ ಚಚ್ಚಿಕೊಂಡ. ಆಮೇಲೆ ಹೊಸ ಹಲಗೆ ಕೊರೆದರಾಯ್ತು ಅಂತ, ತೂತು ಬರಿದೇ ಕಾಣಬಾರದೆಂದು ಬಟನ್‌ಗಳನ್ನು ಸುಮ್ಮನೆ ಕೂರಿಸಿಟ್ಟ. ತನ್ನ ಬದಿಗೆ ಮಾತ್ರ ತಂತಿ ಎಳೆದ. ಆ ಬದಿಗೆ ಒಂದು ಎಳೆ ತಂತಿಯನ್ನೂ ಎಳೆದಿರಲಿಲ್ಲ.

ಅವತ್ತು ನಡುಗಿ ನಿಂತದ್ದು ಆ ಬದಿಯ ಜಾಯ್‌ಸ್ಟಿಕ್ಕು.

ಮಾರನೇ ರಾತ್ರಿ ಲೈಟು ಆರಿಸಿ ಮೂಲೆಯಲ್ಲಿ ಕೂತ. ಹನ್ನೆರಡು ದಾಟಿತು. ಕೆಂಪು ಹೊತ್ತಿತು. ಟಪ್. ನೀಲಿ ಹೊತ್ತಿತು. ಟಪ್... ಟಪ್.

"ಯಾರು?" ಅಂದ, ಉಸಿರಿನಲ್ಲೇ.

ಬೆಳಕು ಆರಿತು.

ಬೇರೆಯವರಾಗಿದ್ದರೆ ಬೆಳಗಾಗೋದರೊಳಗೆ ಮನೆ ಖಾಲಿ ಮಾಡುತ್ತಿದ್ದರು. ಇವನಿಗೆ ಹೆದರಿಕೆಗಿಂತ ಹೆಚ್ಚು ಕಾಡಿದ್ದು ಬೇರೆ. ತಂತಿಯೇ ಇಲ್ಲದ ಬಟನ್ನು. ಒತ್ತಿದರೆ ಎಲ್ಲಿಗೂ ಮುಟ್ಟದ ಬಟನ್ನು. ಅದನ್ನು ರಾತ್ರಿಯೆಲ್ಲ ಒತ್ತುತ್ತಾ ಕೂತವರ ಪಾಡೇನು...

ಮೂರನೇ ದಿನ ರಜೆ ಹಾಕಿದ. ಹಲಗೆ ಮಗುಚಿ, ತಿರುಗುಮುರುಗಾದ ಬದಿಗೆ ಒಂದೊಂದೇ ತಂತಿ ಎಳೆದ. ರಾತ್ರಿ ಟಿವಿ ಹಾಕಿ, ಇಬ್ಬರ ಆಟ ಶುರುಮಾಡಿ, ಆ ಬದಿಗೆ ಒಂದು ಕುರ್ಚಿ ಎಳೆದಿಟ್ಟ. ಪರದೆಯ ಮೇಲೆ ಎರಡು ಪುಟ್ಟ ಗೊಂಬೆಗಳು. ಒಂದು ಅವನದು. ಇನ್ನೊಂದು ತುಂಬಾ ಹೊತ್ತು ನಿಂತಲ್ಲೇ ನಿಂತಿತ್ತು. ಆಮೇಲೆ... ಟಿಕ್. ಒಂದು ಹೆಜ್ಜೆ ಇಟ್ಟಿತು. ಇನ್ನೊಂದು. ನೇರ ಹೋಗಿ ಹಳ್ಳಕ್ಕೆ ಬಿತ್ತು.

ದೆವ್ವಕ್ಕೆ ಆಟ ಬರುತ್ತಿರಲಿಲ್ಲ!

ಮತ್ತೆ ಹಳ್ಳ. ಮತ್ತೆ ಹಳ್ಳ. ಏಳನೇ ಸಲ ಬಿದ್ದಾಗ ಇವನಿಗೆ ನಗು ಬಂತು. ತನ್ನ ನಗು ತನಗೇ ಹೊಸದಾಗಿ ಕೇಳಿ ಬೆಚ್ಚಿಬಿದ್ದ.

"ಅವಸರ ಬೇಡ," ಪಿಸುಗುಟ್ಟಿದ. "ಅಂಚಿಗೆ ಬಂದ ಮೇಲೆ ನೀಲಿ ಒತ್ತಬೇಕು. ಈಗ ಬೇಡ... ಈಗ ಬೇಡ... ಹಾಂ, ಹಾರು!"

ಟಪ್.

ದಾಟಿತು.

ಅಲ್ಲಿಂದ ಮುಂದೆ ಲಿಫ್ಟಣ್ಣ ಎಂಟು ಗಂಟೆಗೇ ಮನೆ ಸೇರತೊಡಗಿದ. ಊಟ ಮಾಡಿ, ಹನ್ನೆರಡರ ತನಕ ಕಾದು, ಒಂದು ಗಂಟೆ ಆಡಿ ಮಲಗುವುದು. ಅವತ್ತು ಯಾರು ಎಲ್ಲಿ ಲಿಫ್ಟಿನಲ್ಲಿ ಸಿಕ್ಕಿಕೊಂಡರು, ಯಾರು ಅತ್ತರು, ಯಾರು ಇವನಿಗೇ ಬೈದರು, ಎಲ್ಲ ಹೇಳುತ್ತಾ ಆಡುತ್ತಿದ್ದ. ಹೆಂಡತಿಗೆ ನಾಲ್ಕು ಮಾತು ಹೇಳದವನು, ಖಾಲಿ ಕುರ್ಚಿಗೆ ನಾನೂರು ಹೇಳಿದ. ಕುರ್ಚಿ ಕೇಳಿಸಿಕೊಂಡಿತು. ಅದು ಸಾಕಾಗಿತ್ತು ಅವನಿಗೆ. ಇನ್ನೇನೂ ಬೇಕಿರಲಿಲ್ಲ.

ಆಗ ಅಕ್ಕ ಬಂದಳು. ಎರಡು ದಿನದ ಮಟ್ಟಿಗೆ, ತಮ್ಮ ಹೇಗಿದ್ದಾನೆ ನೋಡೋಣ ಅಂತ.

ಬಂದವಳೇ ಹಲಗೆ ನೋಡಿದಳು. "ಏನೋ ಇದು, ಅರ್ಧ ನೆಟ್ಟಗೆ, ಅರ್ಧ ಉಲ್ಟಾ? ಲಿಫ್ಟಿಗೂ ಹೀಗೇ ಮಾಡ್ತೀಯಾ? ಮೇಲೆ ಹೋಗೋರು ನೆಲಮಾಳಿಗೆಗೆ ಇಳೀತಾರಾ?"

"ತಪ್ಪಾಯ್ತು ಅಕ್ಕ. ಸರಿಮಾಡ್ಬೇಕು."

ಅವತ್ತು ರಾತ್ರಿ ನೀರಿಗೆ ಎದ್ದ ಅಕ್ಕ, ಹೊರಗಿನ ಕೋಣೆಯಲ್ಲಿ ತಮ್ಮ ಗುಸುಗುಸು ಮಾತಾಡುವುದು ಕೇಳಿ ಬಾಗಿಲಿಗೆ ಬಂದು ನಿಂತಳು.

"ಯಾರ ಹತ್ರ ಮಾತಾಡ್ತಿದ್ದೀಯೋ?"

ಅವಳ ಮುಖ ನೋಡಿದ. ನಾಳೆ ಬೆಳಿಗ್ಗೆ ಇವಳು ಯಾರ್ಯಾರಿಗೆ ಫೋನು ಮಾಡುತ್ತಾಳೆ, ಯಾವ ಡಾಕ್ಟರ ಬಾಗಿಲಿಗೆ ಎಳೆದೊಯ್ಯುತ್ತಾಳೆ, ಎಲ್ಲ ಆ ಮುಖದಲ್ಲಿ ಬರೆದಿತ್ತು.

"ಯಾರೂ ಇಲ್ಲ," ಅಂದ. "ಇಲ್ಲಿ ಯಾರೂ ಇಲ್ಲ ಅಕ್ಕ."

ಆ ಬದಿಯ ಆರು ಬಟನ್ನುಗಳು ಆರಿದವು. ಒಟ್ಟಿಗೆ ಅಲ್ಲ. ಒಂದಾದ ಮೇಲೆ ಒಂದು... ನಿಧಾನಕ್ಕೆ.

ಮಾರನೇ ದಿನ ಅಕ್ಕ ಎದುರು ಕೂತೇ ಹೊಸ ಹಲಗೆ ಕೊರೆಸಿದಳು. ಎರಡೂ ಬದಿ ನೆಟ್ಟಗೆ, ಜಾಯ್‌ಸ್ಟಿಕ್ ಎಡಕ್ಕೆ. ಕೈ ನಡುಗಲಿಲ್ಲ, ಮೈಕಾ ಸಿಡಿಯಲಿಲ್ಲ. "ಈಗ ನೋಡು, ಎಷ್ಟು ಲಕ್ಷಣವಾಗಿದೆ," ಅಂತ ಬೆನ್ನು ತಟ್ಟಿ ಸಂಜೆ ಬಸ್ಸು ಹತ್ತಿದಳು.

ಅವತ್ತು ರಾತ್ರಿ ಯಾರೂ ಬರಲಿಲ್ಲ. ಮರುದಿನವೂ ಇಲ್ಲ. ಅವನ ಗೊಂಬೆಯ ಪಕ್ಕ ಇನ್ನೊಂದು ಗೊಂಬೆ ನಿಂತಲ್ಲೇ ನಿಂತಿರುತ್ತಿತ್ತು. ಹನ್ನೊಂದು ರಾತ್ರಿ ಹಾಗೇ. ಫ್ರಿಜ್ಜು ಗುಂಯ್... ನಲ್ಲಿ ತೊಟ್...

ಹನ್ನೆರಡನೇ ದಿನ ಮತ್ತೊಂದು ಹಲಗೆ ತಂದ. ತಿಳಿಯದೆ ಮಾಡಿದ ತಪ್ಪನ್ನು ಬೇಕೆಂತಲೇ ಮಾಡುವುದು ಎಷ್ಟು ಕಷ್ಟ ಅಂತ ಅವನಿಗೆ ಅವತ್ತೇ ಗೊತ್ತಾದದ್ದು. ಕೈ ತಾನಾಗಿ ಕಾಗದವನ್ನು ಮಗುಚುತ್ತಿತ್ತು. ಮೂರು ಸಲ ಅಂಟಿಸಿ, ಮೂರು ಸಲ ಕಿತ್ತ. ನಾಲ್ಕನೇ ಸಲ ಕಣ್ಣು ಬೇರೆ ಕಡೆ ತಿರುಗಿಸಿ ಅಂಟಿಸಿದ.

ರಾತ್ರಿ ಹನ್ನೆರಡು. ಒಂದು. ಒಂದೂವರೆ. ಏನೂ ಇಲ್ಲ.

ಕೊನೆಗೆ ಎದ್ದು ಆ ಬದಿಯ ಕುರ್ಚಿಯಲ್ಲಿ ತಾನೇ ಕೂತ. ಬಲಗೈಗೆ ಜಾಯ್‌ಸ್ಟಿಕ್ಕು, ಎಡಗೈಗೆ ಬಟನ್ನು. ಬೆರಳು ಹೇಳಿದ ಹಾಗೆ ಕೇಳಲಿಲ್ಲ. ಮೊದಲ ಹಳ್ಳಕ್ಕೇ ಬಿದ್ದ. ಮತ್ತೆ ಬಿದ್ದ. ಲೆಕ್ಕ ತಪ್ಪುವಷ್ಟು ಸಲ ಬಿದ್ದ.

"ಅವತ್ತು ಯಾರೂ ಇಲ್ಲ ಅಂದ್ನಲ್ಲ..." ಪಿಸುಗುಟ್ಟಿದ. "ಹಾಗನ್ನಬಾರದಿತ್ತು. ತಪ್ಪಾಯ್ತು."

ಗುಂಯ್... ತೊಟ್...

ಅವನ ಬದಿಯಲ್ಲಿ, ಯಾರೂ ಕೂತಿರದ ಆ ನೆಟ್ಟನೆಯ ಬದಿಯಲ್ಲಿ... ಟಿಕ್.

ಪರದೆಯ ಮೇಲಿನ ಇನ್ನೊಂದು ಗೊಂಬೆ ಒಂದು ಹೆಜ್ಜೆ ಇಟ್ಟಿತು. ತಡವರಿಸಿತು. ಒಗ್ಗದ ಕೈಯಲ್ಲಿ ಆಡುವವರ ಹಾಗೆ ಅತ್ತಿತ್ತ ಓಲಾಡಿತು. ಹಳ್ಳದ ಅಂಚಿನಲ್ಲಿ ಇವನ ಗೊಂಬೆಯ ಪಕ್ಕಕ್ಕೆ ಬಂದು ನಿಂತಿತು.

ಇಬ್ಬರೂ ಒಟ್ಟಿಗೇ ಬಿದ್ದರಂತೆ.

ಇದನ್ನೆಲ್ಲ ಅವನು ನನಗೆ ಹೇಳಿದ್ದು ಹೋದ ವರ್ಷ, ನಾನು ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವ ನಡುವೆ ಒಂದು ರಾತ್ರಿ ಅವನ ಮನೆಯಲ್ಲಿ ಉಳಿದಾಗ. ಹಳೇ ಕುರ್ಚಿಗಳನ್ನು ತೆಗೆದು ಎರಡು ಸ್ಟೂಲು ತಂದಿದ್ದ. ಸೀಟು ತಿರುಗಿಸಿದರೆ ಮೇಲೆ ಕೆಳಗೆ ಆಗುವಂಥವು. ನಾನು ನಕ್ಕೆ. ಅವನೂ ನಕ್ಕ. ಇನ್ನೊಂದು ದಿನ ಇರು ಅಂತ ಅವನು ಕೇಳಲಿಲ್ಲ, ನಾನೂ ಇರುತ್ತೇನೆ ಅನ್ನಲಿಲ್ಲ. ಮಲಗುವ ಮುಂಚೆ ಎರಡೂ ಸ್ಟೂಲನ್ನು ತಿರುಗಿಸಿ ಪೂರ್ತಿ ಕೆಳಗಿಳಿಸಿದ್ದು ನಾನೇ, ಈ ಕೈಯಾರೆ. ಅವನು ನನಗಿಂತ ಮೊದಲೇ ನಿದ್ದೆ ಹೋಗಿದ್ದ, ಗೊರಕೆ ಕೇಳುತ್ತಿತ್ತು. ರಾತ್ರಿಯಿಡೀ ಕೇಳುತ್ತಲೇ ಇತ್ತು.

ಹತ್ತಾರು ದೇಶದಲ್ಲಿ ಒಬ್ಬಳೇ ಮಲಗಿ ಎದ್ದವಳು ನಾನು. ದೆವ್ವದಲ್ಲಿ ನನಗೆ ನಂಬಿಕೆ ಇಲ್ಲ. ಕಣ್ಣಾರೆ ಕಂಡ ಸ್ಟೂಲಿನಲ್ಲಿ ಇದೆ. ಬೆಳಿಗ್ಗೆ ಅವನ ಸ್ಟೂಲು ನಾನು ಬಿಟ್ಟ ಹಾಗೇ ಇತ್ತು. ಇನ್ನೊಂದು ಮೇಲೆದ್ದಿತ್ತು. ತಿರುಗಿಸಿ ಇಳಿಸುತ್ತಾ ಎಣಿಸಿದೆ: ಹದಿನಾಲ್ಕು ಸುತ್ತು. ಮತ್ತೆ ಹದಿನಾಲ್ಕು ಸುತ್ತು ಏರಿಸಿ ಹತ್ತಿ ಕೂತು ನೋಡಿದೆ.

ಪುಟ್ಟ ಮಗುವಿಗಾದರೆ ಸರಿಹೋಗುವ ಎತ್ತರ; ನನ್ನ ಮೊಣಕಾಲು ಮೇಜಿನ ಕೆಳಗೆ ಹಿಡಿಸಲಿಲ್ಲ.