ಹಾಡುವವರ ಓಣಿ

ತೀರಿಕೊಂಡ ನನ್ನ ಗಂಡನ ದಿನಕರ್ಮ ಮುಗಿದು ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ, ನಮ್ಮವರು ಎರವಲು ತಂದಿದ್ದ ಹಾರ್ಮೋನಿಯಂ ಪೇಟಿ ಹಿಡಿದು ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ನಾಟಕ ಕಂಪನಿಯ ಗಂಡ ಹೆಂಡತಿ.

“ಧಾರವಾಡದಾಗ ಒಂದು ಓಣಿ ಐತಂತ. ಚಿತ್ರಾ ಬರಿಯಾವ್ರು, ಹಾಡಾವ್ರು, ನಾಟಕದವ್ರು ಅಷ್ಟ ಇರ್ತಾರಂತ,” ಎಂದ ಗಂಡ.

“ಬಿಜಾಪುರದಾಗೂ ಹಿಂಗ ಅಂದಿದ್ರಿ. ನಾ ಹಾಡೂದು ಕೇಳಿ ಮನಿ ಬಿಡಿಸಿದ್ರು.”

“ಈ ಸಲ ಮನಿ ಮಾಲಕರಿಗೆ ಟೇಲರ್ ಅಂತ ಹೇಳೂಣು.”

“ಮತ್ತ ಹಾಡೂದು?”

“ಬಾಗಲಾ ಹಾಕ್ಕೊಂಡು ಹಾಡು.”

“ಅಲ್ಲೂ ಬಾಗಲಾ ಹಾಕ್ಕೋಬೇಕಂದ್ರ, ಅದೆಂಥಾ ಓಣಿರೀ?”

ಧಾರವಾಡದ ಬಸ್ಸು ಬಂತು. ಟ್ರಂಕು ಎತ್ತಿಕೊಂಡು ಅವಳೇ ಮೊದಲು ಹತ್ತಿದಳು.

ನಾನು ಬೇರೆ ಬಸ್ಸಿನಲ್ಲಿ ಮೋರಟಗಿಗೆ ಹೋಗಿ ಪೇಟಿ ಮಾಸ್ತರ ಮಶಾಕಸಾಬರ ಕೈಗೆ ಅವರ ಪೇಟಿ ತಿರುಗಿ ಕೊಟ್ಟೆ.

“ಛಲೋ ಬಾರಿಸ್ತಿದ್ರಲ್ರೀ ನಿಮ್ಮ ಮನಿಯವ್ರು?” ಎಂದರು.

“ಹೌದ್ರಿ,” ಎಂದೆ. “ಬಾಗಲಾ ಹಾಕ್ಕೊಂಡು.”