ಕದವಿಲ್ಲದ ಬಾಗಿಲು

ದೀಪ ಸಣ್ಣದು ಮಾಡಿ, ಹೇಳುತ್ತೇನೆ. ಇದು ನಮ್ಮ ಪಕ್ಕದ ಮನೆ ಬಡಗಿಗೆ ಆದದ್ದು. ಬಡಗಿ ಸುಳ್ಳು ಹೇಳುವುದು ಕೆಲಸ ಯಾವತ್ತು ಮುಗಿಯುತ್ತದೆ ಅನ್ನುವುದರಲ್ಲಿ ಮಾತ್ರ. ಇದು ಹಾಗಲ್ಲ.

ಅವನು, ಹೆಂಡತಿ, ಹೆಂಡತಿಯ ತಮ್ಮ ಆ ಹಳೆಯ ಊರು ನೋಡಲು ಹೋಗಿದ್ದರು. ಗುಡ್ಡವನ್ನೇ ಕೊರೆದು ಬುದ್ಧನ ಗುಡಿಗಳನ್ನೂ ಭಿಕ್ಷುಗಳಿಗೆ ಕೋಣೆಗಳನ್ನೂ ಮಾಡಿದ ಊರು. ಸುತ್ತಿ ಸುತ್ತಿ ಹೆಂಡತಿಗೆ ಮಂಡಿ ನೋವು ಬಂತು. ಅವಳು ಕೆಳಗೆ ಗೇಟಿನ ಬಳಿ ಕೂತಳು. ಒಂದೇ ಗುಹೆ ಉಳಿದಿತ್ತು. ಭಾವ, ಭಾವಮೈದುನ ಇಬ್ಬರೇ ಹತ್ತಿದರು. ಹೊತ್ತು ಮುಳುಗುತ್ತಿತ್ತು. ದಾರಿಯಲ್ಲಿ ಬಂಡೆಯೊಳಗೆ ತೋಡಿದ ಒಂದು ಬಾವಿ. ಅದರ ಕತ್ತಲಲ್ಲಿ ಹನಿ ಬೀಳುತ್ತಿತ್ತು. ತೊಟ್... ತೊಟ್...

"ಬೇಗ ಬಂದ್ಬಿಡಿ," ಅಂದ ಗುಹೆಯ ಬಾಗಿಲಲ್ಲಿದ್ದ ಕಾವಲುಗಾರ. "ಬೀಗ ಹಾಕೋ ಹೊತ್ತು."

ಒಳಗೆ ದೊಡ್ಡ ಹಜಾರ. ತುದಿಯಲ್ಲಿ ಬುದ್ಧ. ಎರಡೂ ಪಕ್ಕ ಸಣ್ಣ ಕೋಣೆಗಳು, ಒಂದೊಂದರಲ್ಲೂ ಒಂದು ಕಲ್ಲಿನ ಮಂಚ. ಕಿಟಕಿ ಇಲ್ಲ. ಒಂದಾನೊಂದು ಕಾಲಕ್ಕೆ ಮರದ ಕದಗಳಿದ್ದವಂತೆ. ಅವು ಎಂದೋ ಮಣ್ಣಾಗಿವೆ.

ಬಡಗಿ ಮೊದಲನೇ ಕೋಣೆಯ ಮುಂದೆಯೇ ನಿಂತುಬಿಟ್ಟ.

"ಭಾವ, ಬುದ್ಧ ಆ ಕಡೆ ಇದಾನೆ. ನೀವು ಯಾವ ಗುಡಿಗೆ ಹೋದರೂ ಬಾಗಿಲು ನೋಡ್ಕೊಂಡು ವಾಪಸ್ ಬರೋರು."

"ಬುದ್ಧ ಎಲ್ಲೂ ಎದ್ದು ಹೋಗಲ್ಲ ಕಣೋ. ಇಲ್ನೋಡು, ಕದದ ಗೂಟ ತಿರುಗೋಕೆ ಕುಳಿ ಕೊರೆದಿದಾರೆ. ಮೇಲಿಂದು ಆಳ, ಕೆಳಗಿಂದಕ್ಕೆ ಆಳ ಕಮ್ಮಿ. ಕದಾನ ಮೇಲಿನ ಕುಳಿಗೆ ಎತ್ತಿ, ಕೆಳಗಿಂದಕ್ಕೆ ಇಳಿಸಿ ಕೂರಿಸಿದಾರೆ. ಜಾಣರು!"

ಭಾವಮೈದುನ ನಗುತ್ತ ಬುದ್ಧನತ್ತ ಹೋದ.

ಬಡಗಿಗಳಲ್ಲಿ ಒಂದು ಮಾತಿದೆ. ಅಳತೆ ತೆಗೆದು ಬಾಯಿಬಿಟ್ಟು ಹೇಳಿದರೆ ಕೆಲಸ ಒಪ್ಪಿಕೊಂಡ ಹಾಗೆ. ಕೇಳುವವರಿಲ್ಲದ ಬಾಗಿಲನ್ನು ಅಳೆಯಬೇಡ ಅಂತ ಅವನ ಅಪ್ಪ ಹೇಳುತ್ತಿದ್ದರು. ಆದರೆ ಕೈ ಸುಮ್ಮನಿರಬೇಕಲ್ಲ. ಗೇಣು ಹಾಕಿದ. "ಅಗಲ ನಾಲ್ಕು. ಎತ್ತರ ಎಂಟು," ಅಂದ.

ಬೆನ್ನ ಹಿಂದೆ ಪಿಸುಮಾತು. "ಯಾವಾಗ ಕೂರಿಸ್ತೀರಿ?"

ಭಾವಮೈದುನನ ಕುಚೋದ್ಯ ಅಂದುಕೊಂಡ. ತಿರುಗಿಯೂ ನೋಡಲಿಲ್ಲ. "ಇಗೋ, ಕೂರಿಸಿಯಾಯ್ತು!" ಅಂತ ನಕ್ಕು ಒಳಗೆ ಹೋಗಿ, ಸೊಂಟ ನೆಟ್ಟಗಾಗಲಿ ಅಂತ ಕಲ್ಲಿನ ಮಂಚದ ಮೇಲೆ ಮೈ ಚಾಚಿದ.

ಕಿರ್ರ್...

ಒಣಮರ ಕಲ್ಲಿನ ಮೇಲೆ ತಿರುಗುವ ಸದ್ದು. ಅವನಿಗೆ ಗೊತ್ತಿಲ್ಲದ ಸದ್ದೇ ಅದು? ಆಮೇಲೆ, ಧಡ್. ಆಮೇಲೆ ಹೊರಗಿನಿಂದ ಅಗಳಿ ಸರಿಯಿತು... ಟಕ್.

ಎದ್ದ. ಎದುರಿಗೆ ಏನೂ ಇಲ್ಲ. ಹಜಾರ ಕಾಣುತ್ತಿದೆ, ಕಂಬ ಕಾಣುತ್ತಿದೆ, ಭಾವಮೈದುನನ ಬೆನ್ನೂ ಕಾಣುತ್ತಿದೆ. ಹೆಜ್ಜೆ ಇಟ್ಟ. ಹಣೆ ಬಡಿಯಿತು. ಕೈಯಾಡಿಸಿದ... ಹಲಗೆ. ಬಾಚಿಯಲ್ಲಿ ಕೆತ್ತಿದ ಒರಟು ಹಲಗೆ. ಕಣ್ಣಿಗಿಲ್ಲ, ಕೈಗಿದೆ.

ಕೂಗಿದ. ಕೂಗು ಕೋಣೆಯಲ್ಲೇ ಸುತ್ತಿ ಅವನ ಕಿವಿಗೇ ಬಂತು. ಗುದ್ದಿದ. ಉಸಿರು ಬಿಸಿಯಾಗತೊಡಗಿತು.

ಭಾವಮೈದುನ ಬಂದ. ಒಂದು ಮಾರು ದೂರದಲ್ಲಿ ನಿಂತ. ಅವನಿಗೆ ಕಂಡದ್ದು ಇಷ್ಟೇ: ಭಾವ ಖಾಲಿ ಬಾಗಿಲಲ್ಲಿ ನಿಂತು ಗಾಳಿಗೆ ಅಂಗೈ ಒತ್ತುತ್ತಿದ್ದಾನೆ, ಬಾಯಿ ತೆರೆಯುತ್ತಿದ್ದಾನೆ, ಸದ್ದಿಲ್ಲ.

"ಸಾಕು ಭಾವ ನಾಟಕ. ಅಕ್ಕ ಕಾದು ಕಾದು ಬೈತಾಳೆ. ನಾನು ಹೊರಟೆ."

ಒಳಗಿದ್ದವನಿಗೆ ತುಟಿ ಆಡಿದ್ದು ಮಾತ್ರ ಕಂಡಿತು. ಆಮೇಲೆ ನಗು. ಆಮೇಲೆ ಬೆನ್ನು.

ಬೆಳಕು ಕರಗುತ್ತ ಬಂತು. ಹೊರಬಾಗಿಲಲ್ಲಿ ಕಾವಲುಗಾರ ಬಂದು ನಿಂತದ್ದು ಕಂಡಿತು, ಕೈಯಲ್ಲಿ ಬೀಗ. ಅದೊಂದು ಬಿದ್ದರೆ ಮುಗಿಯಿತು. ಬಡಗಿ ಕುಸಿದು ಕೂತ. ಕೂತಾಗ ಬೆರಳಿಗೆ ಕದದ ಕೆಳಅಂಚು ಸಿಕ್ಕಿತು. ಮೇಲಿನ ಕುಳಿ ಆಳ... ಎತ್ತಿ ಕೂರಿಸಿದ್ದು ಎತ್ತಿದರೆ ಬರಲೇಬೇಕು. ಬೆರಳು ತೂರಿಸಿದ. ಎತ್ತಿದ. ಸೊಂಟ ಕಳಕ್ ಅಂತು. ಕದ ಒಂದಿಂಚು ಎದ್ದಿತು... ಎರಡಿಂಚು... ಗೂಟ ಕಲ್ಲು ಬಿಟ್ಟದ್ದೇ ತಡ, ಬುಡಕ್ಕೆ ಒದ್ದ.

ಧೊಪ್!

ಅವನೂ ಹೊರಗೆ ಬಿದ್ದ. ಅಷ್ಟು ಹೊತ್ತಿನ ಕೂಗು ಈಗ ಹಜಾರವೆಲ್ಲ ತುಂಬಿತು. ಭಾವಮೈದುನ ಓಡಿ ಬಂದ.

"ಏನಾಯ್ತು ಭಾವ?"

"ಬಾಗಿಲು... ಬಾಗಿಲು ಕಣೋ..."

"ಯಾವ ಬಾಗಿಲು?"

ನೆಲ ಬರಿದಾಗಿತ್ತು.

ಭಾವಮೈದುನ ಇವತ್ತಿಗೂ ಇದನ್ನು ನಂಬುವುದಿಲ್ಲ. ಹಸಿದ ಹೊಟ್ಟೆ, ತಲೆಸುತ್ತು ಅನ್ನುತ್ತಾನೆ. ಆದರೆ ಬಿಡಿಸಿ ಕೇಳಿದರೆ ಒಂದು ಸಂಗತಿ ಅವನೂ ಹೇಳುತ್ತಾನೆ, ಬೇಕಾದರೆ ಬೆಳಿಗ್ಗೆ ಹೋಗಿ ಕೇಳಿ. ಕೂಗು ಕೇಳಿ ಕಾವಲುಗಾರ ಟಾರ್ಚು ಹಿಡಿದು ಬಂದ. ನೆಟ್ಟಗೆ ಬಂದವನು ಆ ಕೋಣೆಯ ಮುಂದೆ ತಡೆದು ನಿಂತ. ಬರೀ ನೆಲದ ಮೇಲೆ ಒಮ್ಮೆ ಟಾರ್ಚು ಆಡಿಸಿದ. ಗೋಡೆಗೆ ಅಂಟಿಕೊಂಡು ಸುತ್ತಿ ಬಂದು ಬಡಗಿಗೆ ಕೈಕೊಟ್ಟು ಎಬ್ಬಿಸಿದ. ಭಾವಮೈದುನ ನಡುವೆ ಹೆಜ್ಜೆ ಇಡಲು ಹೋದಾಗ ತೋಳು ಹಿಡಿದು ಜಗ್ಗಿದ.

"ಎಡವ್ತೀರಿ," ಅಂದ ಮೆಲ್ಲಗೆ. "ಈ ಕಡೆಯಿಂದ ಬನ್ನಿ."