ಪುಸ್ತಕದ ಜೇಡ

ಅಧ್ಯಕ್ಷ ಸ್ಥಾನದಲ್ಲಿ ಕುಳಿತಿರುವ ನಿವೃತ್ತ ಅಧಿಕಾರಿಗಳೇ, ಈ ತರಬೇತಿ ಕೇಂದ್ರವನ್ನು ಕಟ್ಟಿ ಬೆಳೆಸಿದ ಮೇಷ್ಟ್ರೇ, ಒಂದು ಗಂಟೆ ತಡವಾಗಿಯಾದರೂ ಬಂದು ನಮ್ಮನ್ನು ಉಪಕರಿಸಿದ ಮುಖ್ಯ ಅತಿಥಿಗಳೇ, ಮುಂದಿನ ಸಾಲುಗಳಲ್ಲಿ ಕೂತಿರುವ ಕೆಲಸ ಸಿಕ್ಕವರೇ, ಹಿಂದಿನ ಸಾಲುಗಳಲ್ಲಿ ಕೂತಿರುವ ಕೆಲಸ ಸಿಗಬೇಕಾದವರೇ, ಸಭಿಕರೇ,

ಎದುರಿನ ಗೋಡೆಯ ಗಡಿಯಾರದಲ್ಲಿ ಈಗ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಐದರೊಳಗೆ ನನಗೆ ಇಲ್ಲಿ ಒಂದು ಕೆಲಸ ಮುಗಿಯಬೇಕಿದೆ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೈ ಕಟ್ಟಿಕೊಂಡು, ನನ್ನ ಮುಖ ಬಿಟ್ಟು ಫ್ಯಾನಿನ ಮುಖ ನೋಡುತ್ತ ಕೂತಿದ್ದಾಳಲ್ಲ, ಅವಳು ನನ್ನ ಮಗಳು. ಊರಿನ ಕುಡಿಯುವ ನೀರನ್ನು ಪರೀಕ್ಷೆ ಮಾಡುವ ಕಚೇರಿಯಲ್ಲಿ ಒಂದು ಹುದ್ದೆ ಖಾಲಿ ಇದೆ. ಅದಕ್ಕೆ ಅರ್ಜಿ ಹಾಕಲು ಇವತ್ತೇ ಕಡೆಯ ದಿನ. ಅರ್ಜಿ ಈಗ ಕಂಪ್ಯೂಟರಿನಲ್ಲಿ ಹೋಗುತ್ತದೆ, ನಿಜ. ಆದರೆ ಸರ್ಕಾರದ ಕಿಟಕಿ ಕಂಪ್ಯೂಟರಿನಲ್ಲೂ ಐದಕ್ಕೇ ಮುಚ್ಚುತ್ತದೆ. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತದೆ. ಅವಳ ಅಂಕಪಟ್ಟಿ, ಫೋಟೊ ಎಲ್ಲ ಇರುವ ಫೈಲು ನನ್ನ ಈ ಚೀಲದಲ್ಲಿದೆ. ಕಂಪ್ಯೂಟರ್ ಅಂಗಡಿ ಇದೇ ಕಟ್ಟಡದ ಕೆಳಗಿದೆ. ಅವಳು ಇಳಿದು ಹೋಗಬೇಕಾದರೆ ನಾನು ಒಂದು ಮಾತು ಹೇಳಬೇಕಂತೆ. ನಾಲ್ಕು ಜನರ ಮುಂದೆ ಹೇಳಬೇಕಂತೆ. ಹೇಳುತ್ತೇನೆ. ಆದರೆ ಸಭೆ ಎಂದ ಮೇಲೆ ಅದಕ್ಕೊಂದು ಕ್ರಮ ಇರುತ್ತದೆ. ಕ್ರಮ ತಪ್ಪಿ ನಾನು ಯಾವತ್ತೂ ಮಾತಾಡಿದವಳಲ್ಲ.

ಮೊದಲನೆಯದಾಗಿ, ನಿರೂಪಣೆ ಮಾಡಿದ ಹುಡುಗಿ ನನ್ನನ್ನು ಪರಿಚಯಿಸುವಾಗ ‘ಹೆಚ್ಚು ಓದದಿದ್ದರೂ ಮಕ್ಕಳನ್ನು ಓದಿಸಿದ ಮಹಾತಾಯಿ’ ಎಂದಳು. ಅದನ್ನು ತಿದ್ದಿಕೊಳ್ಳಬೇಕು. ನಾನು ಹೈಸ್ಕೂಲು ಮುಗಿಸಿದವಳು, ಅದೂ ಮೊದಲ ದರ್ಜೆಯಲ್ಲಿ. ನಮ್ಮ ತರಗತಿಯಲ್ಲಿ ಲೆಕ್ಕದಲ್ಲಿ ನನಗಿಂತ ಮುಂದೆ ಒಬ್ಬನೇ ಒಬ್ಬನಿದ್ದ. ಅವನ ಅಪ್ಪ ಲೆಕ್ಕದ ಮೇಷ್ಟ್ರಾಗಿದ್ದರು ಎಂಬುದನ್ನು ಮಾತ್ರ ಹೇಳುತ್ತೇನೆ, ಇನ್ನೇನೂ ಹೇಳುವುದಿಲ್ಲ.

ಎರಡನೆಯದಾಗಿ, ಈ ಕೇಂದ್ರದ ಸಾಮಾನ್ಯ ಜ್ಞಾನದ ಪುಸ್ತಕ. ನಮ್ಮ ಮನೆಯಲ್ಲಿ ಅದಕ್ಕೆ ‘ದಪ್ಪ ಪುಸ್ತಕ’ ಎಂದೇ ಹೆಸರು. ಹದಿನಾಲ್ಕು ವರ್ಷ ಅದು ನಮ್ಮ ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿಯ ಪಕ್ಕದಲ್ಲಿತ್ತು. ನಮ್ಮಲ್ಲಿ ಯಾರಿಗೂ ಎರಡನೇ ಸಲ ಬಡಿಸುವುದು ಸುಮ್ಮಸುಮ್ಮನೆ ಇರಲಿಲ್ಲ. ಒಂದು ದೇಶದ ರಾಜಧಾನಿ ಹೇಳಬೇಕು, ಇಲ್ಲವೇ ಒಂದು ನದಿಯ ಉದ್ದ ಹೇಳಬೇಕು. ನಮ್ಮ ಯಜಮಾನರು ಬಸ್ ಡಿಪೋದಲ್ಲಿ ಬಸ್ಸು ಹೋಗುವ ಬರುವ ಹೊತ್ತು ಬರೆದುಕೊಳ್ಳುವ ಕೆಲಸದಲ್ಲಿದ್ದರು. ಒಂದು ದಿನ ತಟ್ಟೆ ಹಿಡಿದುಕೊಂಡು, “ಇವಳೇ, ನಾನು ಕೆಲಸಕ್ಕೆ ಸೇರಿ ಇಪ್ಪತ್ತಾರು ವರ್ಷ ಆಯ್ತು. ನನಗಾದರೂ ಪ್ರಶ್ನೆ ಇಲ್ಲದೆ ಬಡಿಸ್ತೀಯಾ?” ಎಂದರು. “ಬಡ್ತಿ ಪರೀಕ್ಷೆ ಯಾರು ಬರೀಬೇಕು?” ಎಂದೆ. ಆಮೇಲೆ ಅವರು ಮೊದಲ ಸಲವೇ ಜಾಸ್ತಿ ಬಡಿಸಿಕೊಳ್ಳಲು ಕಲಿತರು.

ಇದರಿಂದ ಏನು ಲಾಭವಾಯಿತು ಎಂದು ಕೇಳುತ್ತೀರಾ? ಕೇಳಿ. ನನ್ನ ದೊಡ್ಡ ಮಗ ಹಳೆಯ ಕಡತಗಳ ಕಚೇರಿಯಲ್ಲಿದ್ದಾನೆ. ಜಗತ್ತಿನ ಎಲ್ಲ ಮರುಭೂಮಿಗಳೂ ಅವನಿಗೆ ಬಾಯಿಪಾಠ. ಅವನ ಕೌಂಟರಿಗೆ ಬಂದವರು ಕೇಳುವುದು ಮಾತ್ರ ಒಂದೇ ಪ್ರಶ್ನೆ, “ನನ್ನ ಕಡತ ಎಲ್ಲಿ?” ಅದು ಪುಸ್ತಕದಲ್ಲಿಲ್ಲ. ಹಾಗಾಗಿ ಅವನಿಗೆ ಗೊತ್ತಿಲ್ಲ. ನನ್ನ ಎರಡನೇ ಮಗ ತೂಕ ಮತ್ತು ಅಳತೆಯ ಇಲಾಖೆಯಲ್ಲಿದ್ದಾನೆ. ಅವನ ಹೆಂಡತಿ ಒಂದು ದಿನ, “ಇವತ್ತು ಏನು ವಿಶೇಷ ಹೇಳಿ ನೋಡೋಣ” ಎಂದು ಕೇಳಿದಳು. ಅವನು ಆ ತಾರೀಖಿನಂದು ಹುಟ್ಟಿದ ಇಬ್ಬರು ವಿಜ್ಞಾನಿಗಳ ಹೆಸರು ಹೇಳಿದ. ಅವಳು ಹುಟ್ಟಿದ್ದೂ ಅದೇ ತಾರೀಖು. ಆದರೆ ಇಬ್ಬರಿಗೂ ಕೆಲಸ ಸಿಕ್ಕಿದೆ, ಹೌದೋ ಅಲ್ಲವೋ? ಕೆಲಸ ಸಿಗುವುದಕ್ಕೆ ಬೇಕಾದ ಜ್ಞಾನ ಬೇರೆ, ಕೆಲಸ ಮಾಡುವುದಕ್ಕೆ ಬೇಕಾದ ಜ್ಞಾನ ಬೇರೆ. ನಾವು ಮೊದಲನೆಯದನ್ನು ಕೊಟ್ಟಿದ್ದೇವೆ. ಎರಡನೆಯದನ್ನು ಇಲಾಖೆಯವರು ಕೊಡಬೇಕು. ಅವರು ಕೊಡದಿದ್ದರೆ ತಾಯಿ ಏನು ಮಾಡಿಯಾಳು?

ಹಿಂದಿನ ಸಾಲಿನವರು ನಗುವುದನ್ನು ನಿಲ್ಲಿಸಿ. ನಿಮಗಿನ್ನೂ ಕೆಲಸ ಸಿಕ್ಕಿಲ್ಲ.

ಈಗ ಮಗಳ ವಿಷಯ. ಅವಳು ವಿಜ್ಞಾನ ಓದಿದವಳು. ಚಿಕ್ಕಂದಿನಿಂದಲೂ ನೀರಿನ ಲೋಟವನ್ನು ಬೆಳಕಿಗೆ ಹಿಡಿದು ನೋಡಿಯೇ ಕುಡಿಯುವ ಅಭ್ಯಾಸ. ಬೇರೆ ಯಾವ ಕೆಲಸವೂ ಅವಳಿಗೆ ಬೇಡ, ಆ ನೀರಿನ ಕಚೇರಿಯೇ ಬೇಕು. ಅಲ್ಲಿಗೂ ಸಾಮಾನ್ಯ ಜ್ಞಾನದ ಪರೀಕ್ಷೆ ಇದೆ. ಸರಿ, ಅವಳೂ ಮೇಜಿಗೆ ಬಂದು ಕೂತಳು. ಮೂರು ವರ್ಷದ ಹಿಂದೆ, ಒಂದು ಬೆಳಗಿನ ತಿಂಡಿಯ ಹೊತ್ತಿಗೆ, ನಾನು ಪುಸ್ತಕ ತೆರೆದು, “ಜೇಡಕ್ಕೆ ಎಷ್ಟು ಕಾಲು?” ಎಂದು ಕೇಳಿದೆ.

ದೊಡ್ಡವನು “ಆರು” ಎಂದ. ಚಿಕ್ಕವನು “ಆರು” ಎಂದ. ಇಬ್ಬರಿಗೂ ಆಗಲೇ ಕೆಲಸ ಸಿಕ್ಕಿತ್ತು, ಆದರೂ ಅಭ್ಯಾಸ ಬಿಟ್ಟಿರಲಿಲ್ಲ. ಮಗಳು “ಎಂಟು” ಎಂದಳು.

“ಪುಸ್ತಕದಲ್ಲಿ ಆರು ಅಂತ ಇದೆ.”

“ಹಾಗಾದ್ರೆ ಪುಸ್ತಕ ತಪ್ಪು, ಅಮ್ಮ.”

“ಇಪ್ಪತ್ತೆರಡನೇ ಮುದ್ರಣ ಕಣೇ ಇದು! ನೀನು ಎಷ್ಟನೇ ಮುದ್ರಣ?”

ಅವಳು ಎದ್ದು ಬಚ್ಚಲುಮನೆಗೆ ಹೋದಳು. ಬರುವಾಗ ಗಾಜಿನ ಲೋಟದಲ್ಲಿ ಒಂದು ಜೇಡ. ಅದನ್ನು ಹಾಗೇ ತಟ್ಟೆಗಳ ನಡುವೆ, ದಪ್ಪ ಪುಸ್ತಕದ ಮೇಲೆಯೇ ಬೋರಲು ಹಾಕಿ, “ಎಣಿಸಿ” ಎಂದಳು. ಯಜಮಾನರು ಬಗ್ಗಿ ನೋಡಿದರು. “ಎಂಟೇ ಇದೆಯಲ್ಲೇ” ಎಂದರು. ನಾನು ಅವರ ಮುಖ ನೋಡಿದೆ. “ಅಂದ್ರೆ... ಆರಕ್ಕಿಂತ ಸ್ವಲ್ಪ ಜಾಸ್ತಿ ಇರೋ ಹಾಗಿದೆ” ಎಂದು ಕೈ ತೊಳೆಯಲು ಎದ್ದರು.

ನಾನು ಬಗ್ಗಲಿಲ್ಲ. “ಪರೀಕ್ಷೇಲಿ ಬರೋದು ಬಚ್ಚಲುಮನೆ ಜೇಡ ಅಲ್ಲ, ಪುಸ್ತಕದ ಜೇಡ. ಕೆಲಸ ಕೊಡೋರು ನಮ್ಮ ಬಚ್ಚಲುಮನೆಗೆ ಬಂದು ನೋಡ್ತಾರೇನು?” ಎಂದೆ. ಈಗ ನೀವೆಲ್ಲ ನಗುತ್ತಿದ್ದೀರಿ. ಆಗ ನನ್ನ ಗಂಡುಮಕ್ಕಳೂ ಹೀಗೇ ನಕ್ಕರು. ಮಗಳು ನಗಲಿಲ್ಲ. ಲೋಟವನ್ನು ಅಲ್ಲೇ ಬಿಟ್ಟು ಹೊರಟುಹೋದಳು.

ಅದೇ ವಾರ ನಾನು ಈ ಕೇಂದ್ರಕ್ಕೆ ಬಂದು ಮೇಷ್ಟ್ರನ್ನು ಕೇಳಿದೆ. ಮೇಷ್ಟ್ರೇ, ನಿಮಗೆ ನೆನಪಿರಲಾರದು. “ಅಮ್ಮಾ, ಪ್ರಶ್ನೆ ತೆಗೆಯೋರೂ ನಮ್ಮ ಪುಸ್ತಕ ನೋಡಿಯೇ ತೆಗೀತಾರೆ. ಧೈರ್ಯವಾಗಿ ಮನೆಗೆ ಹೋಗಿ” ಎಂದಿರಿ. ನಾನು ಧೈರ್ಯವಾಗಿ ಮನೆಗೆ ಹೋದೆ.

ಪರೀಕ್ಷೆಯ ದಿನ ಗೇಟಿನ ಹತ್ತಿರ ಅವಳ ಕೈ ಹಿಡಿದು ಮಾತು ತೆಗೆದುಕೊಂಡೆ. ಪುಸ್ತಕದಲ್ಲಿ ಇರುವುದನ್ನು ಬಿಟ್ಟು ಒಂದಕ್ಷರ ಆಚೀಚೆ ಬರೆಯಬಾರದು ಎಂದು. “ಅಮ್ಮ, ಬೇಡ” ಎಂದಳು. “ಮಾತು ಕೊಟ್ಟು ಒಳಗೆ ಹೋಗು” ಎಂದೆ. ಗಂಟೆ ಹೊಡೆಯಿತು. ಕೊಟ್ಟಳು. ನೀರು ಪರೀಕ್ಷೆ ಮಾಡುವ ಕೆಲಸಕ್ಕೆ ಜೇಡ ಯಾಕೆ ಬೇಕು ಎಂದು ನಿಮಗೂ ಅನಿಸಬಹುದು. ಆದರೆ ಬಂತು. ಮೂವತ್ತೇಳನೇ ಪ್ರಶ್ನೆ. ಜೇಡಕ್ಕೆ ಎಷ್ಟು ಕಾಲು? ಕೊಟ್ಟ ಮಾತಿಗೆ ತಪ್ಪುವವಳಲ್ಲ ನನ್ನ ಮಗಳು. ಆ ಗುಣ ನನ್ನಿಂದಲೇ ಬಂದದ್ದು. ಆರು ಎಂದು ಗುರುತು ಹಾಕಿ ಬಂದಳು.

ಒಂದು ಅಂಕದಿಂದ ಕೆಲಸ ತಪ್ಪಿತು.

ಅತ್ತಳೇ? ಇಲ್ಲ. ಜಗಳ ಆಡಿದಳೇ? ಅದೂ ಇಲ್ಲ. ಫಲಿತಾಂಶದ ಕಾಗದವನ್ನು ನಾಲ್ಕು ಮಡಿಕೆ ಮಾಡಿ ದಪ್ಪ ಪುಸ್ತಕದ ಆ ಪುಟದಲ್ಲಿ ಇಟ್ಟಳು. ಮರುದಿನ ಒಂದು ಖಾಸಗಿ ರಕ್ತ ಪರೀಕ್ಷಾ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದಳು. ಆಮೇಲೆ ಅವಳು ನನಗೆ ಕೊಡುವ ಉತ್ತರ ಒಂದೇ. “ಊಟಕ್ಕೆ ಏನು ಮಾಡ್ಲಿ?” ಎಂದರೆ, “ಪುಸ್ತಕದಲ್ಲಿ ಏನಿದೆ ನೋಡಮ್ಮ.” “ಜ್ವರಕ್ಕೆ ಮಾತ್ರೆ ತಗೊಂಡ್ಯಾ?” ಎಂದರೆ, “ಪುಸ್ತಕದಲ್ಲಿ ಏನಿದೆ ನೋಡಮ್ಮ.” ಮೂರು ವರ್ಷ. ಒಂದೇ ಮನೆಯಲ್ಲಿ. ದನಿ ಒಂದು ಸಲವೂ ಏರಿಸದೆ.

ಅಧ್ಯಕ್ಷರು ‘ಎರಡು ನಿಮಿಷ’ ಎಂದು ಚೀಟಿ ಕಳುಹಿಸಿದ್ದಾರೆ. ಮುಖ್ಯ ಅತಿಥಿಗಳಿಗೆ ನಾವು ಒಂದು ಗಂಟೆ ಕಾದಿದ್ದೇವೆ. ಅದರಲ್ಲಿ ಕಾಲು ಗಂಟೆ ನನ್ನದೆಂದು ತಿಳಿಯಿರಿ.

ಹೋದ ವಾರ ಈ ಸನ್ಮಾನದ ಪತ್ರ ಬಂತು. ‘ಮಾದರಿ ತಾಯಿ’ ಎಂಬ ಫಲಕ, ಜೊತೆಗೆ ದಪ್ಪ ಪುಸ್ತಕದ ಇಪ್ಪತ್ತೈದನೇ ಮುದ್ರಣದ ಬಿಡುಗಡೆ, ಅದೂ ನನ್ನ ಕೈಯಿಂದ. ಮಗಳು ಪತ್ರ ಓದಿ ವಾಪಸ್ ಕೊಟ್ಟಳು. “ನೀನು ಹೋಗಮ್ಮ. ಮೈಕಿನ ಮುಂದೆ ನಿಂತು ಜೇಡಕ್ಕೆ ಎಷ್ಟು ಕಾಲು ಅಂತ ಹೇಳು. ಹೇಳಿದ್ರೆ ಅರ್ಜಿ ಹಾಕ್ತೀನಿ. ಇಲ್ಲಾಂದ್ರೆ ಇಲ್ಲ” ಎಂದಳು.

“ಮನೇಲೇ ಹೇಳಿದ್ರೆ ಆಗಲ್ವಾ?”

“ಆರು ಅಂತ ಎಲ್ಲರ ಮುಂದೆ ತಾನೇ ಹೇಳಿದ್ದು?”

ನಾನು ಒಪ್ಪಿಕೊಂಡೆ. ಯಾಕೆ ಒಪ್ಪಿಕೊಂಡೆ ಎಂದು ಹೇಳಿಬಿಡುತ್ತೇನೆ. ಕರಪತ್ರದಲ್ಲಿ ‘ಸಂಪೂರ್ಣ ಪರಿಷ್ಕೃತ, ದೋಷರಹಿತ ಮುದ್ರಣ’ ಎಂದು ಅಚ್ಚಾಗಿತ್ತು. ಹೊಸ ಪುಸ್ತಕದಲ್ಲಿ ಉತ್ತರ ತಿದ್ದಿರುತ್ತಾರೆ, ಆ ಪುಟ ತೆರೆದು ಓದಿಬಿಟ್ಟರೆ ಆಯಿತು, ಹೇಳಿದ್ದು ಪುಸ್ತಕ, ನಾನಲ್ಲ ಎಂದುಕೊಂಡೆ. ಹೈಸ್ಕೂಲಿನಲ್ಲಿ ಮೊದಲ ದರ್ಜೆ ಸುಮ್ಮನೆ ಬರುವುದಿಲ್ಲ. ಇಲ್ಲಿ ವೇದಿಕೆ ಮೇಲೆ, ಸ್ವಾಗತ ಭಾಷಣ ನಡೆಯುತ್ತಿದ್ದಾಗ, ಮೇಷ್ಟ್ರು ಚಪ್ಪಾಳೆ ತಟ್ಟುವುದರಲ್ಲಿದ್ದಾಗ, ನಾನು ಬಿಡುಗಡೆಗೆಂದು ಕಟ್ಟಿಟ್ಟ ಈ ಹೊಸ ಪುಸ್ತಕದ ರಿಬ್ಬನ್ ಸ್ವಲ್ಪ ಸಡಿಲಿಸಿ ಆ ಪುಟ ನೋಡಿದೆ.

ಆರು.

ರಟ್ಟು ಹೊಸದು, ಕಾಗದ ಹೊಸದು, ಮೇಷ್ಟ್ರ ಫೋಟೊ ಹೊಸದು. ಜೇಡ ಮಾತ್ರ ಇಪ್ಪತ್ತೈದನೇ ಮುದ್ರಣದಲ್ಲೂ ಎರಡು ಕಾಲು ಕಳೆದುಕೊಂಡೇ ಕೂತಿದೆ. ಎಷ್ಟು ಮನೆಗಳ ಮೇಜಿನ ಮೇಲೆ ಇದು ಹೋಗಿ ಕೂತಿದೆಯೋ, ಎಷ್ಟು ತಾಯಂದಿರು ನನ್ನ ಹಾಗೆ ದನಿ ಏರಿಸಿ ಓದಿದ್ದಾರೋ, ಮೇಷ್ಟ್ರೇ, ಲೆಕ್ಕ ಇಟ್ಟಿದ್ದೀರಾ?

ಹಾಗಾಗಿ ಪುಸ್ತಕದ ಸಹಾಯ ಇಲ್ಲದೆ ಹೇಳುತ್ತಿದ್ದೇನೆ. ಜೇಡಕ್ಕೆ ಎಂಟು ಕಾಲು.

ಚಪ್ಪಾಳೆ ಬೇಡ. ಕೈ ಇಳಿಸಿ. ಏಳು ಮಗಳೇ, ಹೇಳಿದೆನಲ್ಲ, ನಾಲ್ಕು ಮೂವತ್ತೈದಾಯಿತು.

ಏಳುತ್ತಿಲ್ಲ, ನೋಡಿ. ಫ್ಯಾನು ಬಿಟ್ಟು ಈಗ ನನ್ನನ್ನು ನೋಡುತ್ತಿದ್ದಾಳೆ. ಆದರೂ ಏಳುತ್ತಿಲ್ಲ. ಸಭಿಕರೇ, ನಾನು ಮಕ್ಕಳಿಗೆ ಪ್ರಶ್ನೆ ಕೇಳಿ ಗೊತ್ತಿರುವವಳು. ಅರ್ಧ ಉತ್ತರ ಕೊಟ್ಟವರ ಮುಖವನ್ನು ನಾನೂ ಹೀಗೇ ನೋಡುತ್ತಿದ್ದೆ.

ಸರಿ. ಮಗಳೇ, ಆ ಜೇಡದ ದಿನ ನೀವೆಲ್ಲ ಮನೆಯಿಂದ ಹೊರಟ ಮೇಲೆ ನಾನು ಬಾಗಿಲು ಹಾಕಿಕೊಂಡು ಆ ಲೋಟದ ಮುಂದೆ ಕೂತೆ. ಕನ್ನಡಕ ಹಾಕಿಕೊಂಡೆ. ಈ ಕಡೆ ನಾಲ್ಕು, ಆ ಕಡೆ ನಾಲ್ಕು. ಅದು ತಿರುಗಿತು. ಮತ್ತೆ ಎಣಿಸಿದೆ. ಎಂಟು. ಮೂರನೇ ಸಲವೂ ಎಂಟು. ಜೇಡವನ್ನು ಕಿಟಕಿಯ ಆಚೆ ಬಿಟ್ಟು ಲೋಟ ತೊಳೆದಿಟ್ಟೆ. ಸಂಜೆ ನೀನು ಬಂದು “ಎಣಿಸಿದ್ಯಾ?” ಎಂದು ಕೇಳಿದೆ. “ನನಗೆ ಬೇರೆ ಕೆಲಸ ಇಲ್ವಾ?” ಎಂದೆ. ಮೇಷ್ಟ್ರ ಹತ್ತಿರ ಬಂದದ್ದೂ ಉತ್ತರ ತಿಳಿಯುವುದಕ್ಕಲ್ಲ. ಆರು ಎಂದು ಇನ್ನೊಬ್ಬರ ಬಾಯಲ್ಲಿ ಹೇಳಿಸುವುದಕ್ಕೆ.

ಗೊತ್ತಿದ್ದೇ ಗೇಟಿನ ಹತ್ತಿರ ನಿನ್ನ ಕೈ ಹಿಡಿದೆ.

ಯಾಕೆ ಎಂದು ಕೇಳಬೇಡಿ, ನಾನೇ ಹೇಳುತ್ತೇನೆ. ಆ ಹೊತ್ತಿಗೆ ಹನ್ನೊಂದು ವರ್ಷದಿಂದ ನಾನು ಕೇಳಿದ್ದೇ ಪ್ರಶ್ನೆ, ನಾನು ಓದಿದ್ದೇ ಉತ್ತರವಾಗಿತ್ತು. ಇವತ್ತು ಎಂಟು ಎಂದರೆ, ನಾಳೆ ಉಳಿದದ್ದನ್ನೂ ಎಣಿಸಿ ನೋಡುತ್ತಾರೆ ಎಂದು ಹೆದರಿದೆ. ಒಂದು ಅಂಕ ಹೋದದ್ದು ಅಚ್ಚಿನ ತಪ್ಪಿನಿಂದಲ್ಲ, ನನ್ನಿಂದ.

ಎದ್ದಳು. ದಾರಿ ಬಿಡಿ. ಮುಖ್ಯ ಅತಿಥಿಗಳೇ, ಸ್ವಲ್ಪ ಕಾಲು ಒಳಗೆ ತೆಗೆದುಕೊಳ್ಳಿ, ಅವಳು ಬರಲಿ. ತಗೋ ಫೈಲು. ಫೋಟೊ ಇದೆ, ಅಂಕಪಟ್ಟಿ ಇದೆ, ಎಲ್ಲ ಇದೆ, ನಾನೇ ಜೋಡಿಸಿದ್ದೀನಿ, ಹೊರಡು.

ನೋಡಿ, ನಿಂತಲ್ಲೇ ಫೈಲು ಬಿಚ್ಚಿ ಒಂದೊಂದೇ ಕಾಗದ ಎಣಿಸುತ್ತಿದ್ದಾಳೆ. ಎಣಿಸು. ಇನ್ನು ಮೇಲೆ ನಾನು ಇದೆ ಎಂದರೂ ಎಣಿಸು. ನಾಲ್ಕು ನಲವತ್ತು. ಸಾವಕಾಶ ಇದೆ. ಮೆಟ್ಟಿಲ ಮೇಲೆ ಓಡಬೇಡ.

ಈಗ ಪುಸ್ತಕ ಬಿಡುಗಡೆ. ಅಧ್ಯಕ್ಷರೇ, ನಿಮ್ಮ ಜೇಬಿನ ಪೆನ್ನು ಕೊಡಿ. ಆರನ್ನು ಹೊಡೆದುಹಾಕಿ ಎಂಟು ಎಂದು ಬರೆದಿದ್ದೇನೆ. ಈ ಒಂದು ಪ್ರತಿಯನ್ನು ಬಿಡುಗಡೆ ಮಾಡಿದ್ದೇನೆ ಎಂದು ತಿಳಿಯಿರಿ. ಉಳಿದವನ್ನು ತಿದ್ದಿದ ಮೇಲೆ ಕರೆಯಿರಿ, ಬರುತ್ತೇನೆ. ‘ಮಾದರಿ ತಾಯಿ’ ಫಲಕವನ್ನು ಮೇಜಿನ ಮೇಲೆಯೇ ಬಿಟ್ಟು ಹೋಗುತ್ತಿದ್ದೇನೆ. ಬೇಡವೆಂದಲ್ಲ. ಮನೆಯ ಗೋಡೆಗೆ ಮೊಳೆ ಹೊಡೆಸಿಯೂ ಆಗಿದೆ. ಆದರೆ ಅದನ್ನು ಕೊಡಬಹುದೋ ಬೇಡವೋ ಎಂದು ಇನ್ನು ಅವಳನ್ನು ಕೇಳಿ ಕೊಡಿ.

ಕಾದು ಕೂತು ಕೇಳಿದ ನಿಮಗೆಲ್ಲ, ಚೀಟಿ ಬರೆದೂ ತಡೆಯದ ಅಧ್ಯಕ್ಷರಿಗೆ, ಕೊನೆಯವರೆಗೆ ಕೈಕೊಡದ ಈ ಮೈಕಿಗೆ ನಾನು ಋಣಿ. ಕೆಳಗಿನ ಅಂಗಡಿಯಲ್ಲಿ ಅರ್ಜಿ ಹೋಯಿತೋ ಇಲ್ಲವೋ ನೋಡಬೇಕು, ಹೊರಡುತ್ತೇನೆ.

ನಮಸ್ಕಾರ.